ಬೇಸಿಗೆ ರಜೆ: ಮಕ್ಕಳನ್ನು ಬಿಸಿಲಿಗೆ ಬಿಡುವುದೆಷ್ಟು, ಮನೆಯೊಳಗೆ ಕೂರಿಸುವುದೆಷ್ಟು?

ಪೆರ್ಲದ ಅಮ್ಮ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡಿನ ಪೆರ್ಲ ಪೇಟೆಯಿಂದ ಸ್ವಲ್ಪ ಒಳಗೆ, ಗುಡ್ಡದ ನೆತ್ತಿಯ ಪದವಿನಲ್ಲಿ, ಅಂದರೆ ಬಯಲಿನಲ್ಲಿದೆ. ಸುತ್ತಲೂ ಮುರಕಲ್ಲಿನ ಪಾರೆ, ಬರಿಯ ಬಂಡೆನೆಲ. ಒಂದೆರಡು ಗೇರುಮರ ಬಿಟ್ಟರೆ ನೆರಳೆಂಬುದೇ ಇಲ್ಲ. ಅತ್ತೆ ಮಾವ ಇರುವ ಮೂಲಮನೆ ಕೆಳಗೆ ಅಡಿಕೆ ತೋಟದ ಬದಿಯಲ್ಲಿದ್ದು, ನಡೆದು ಹೋದರೆ ಹತ್ತು ನಿಮಿಷದ ದಾರಿ. ಮಗನಿಗೆ 10 ವರ್ಷ, ಮಗಳಿಗೆ 6. ಮಾರ್ಚ್ ಕೊನೆಗೆ ಶಾಲೆ ಮುಚ್ಚಿದೆ, ಜೂನ್ ಆರಂಭದವರೆಗೆ ಇಬ್ಬರೂ ಮನೆಯಲ್ಲೇ ಇರುತ್ತಾರೆ.

ವಿಷು ಕಳೆದು ಮೂರನೆಯ ದಿನ ಗೆಳೆಯರ ಜೊತೆ ಕ್ರಿಕೆಟ್ ಆಡಲೆಂದು ಬೆಳಗ್ಗೆ ಹತ್ತೂವರೆಗೆ ಪದವಿಗೆ ಹೊರಟ ಮಗ ಮನೆಗೆ ಬಂದದ್ದು ಮಧ್ಯಾಹ್ನ ಒಂದೂವರೆಗೆ. ಬಂದವನೇ ತಲೆನೋವೆಂದು ಚಾವಡಿಯ ಬರಿನೆಲದ ಮೇಲೆ ಮಲಗಿದ, ಊಟ ಬೇಡವೆಂದ, ಎರಡು ಸಲ ವಾಂತಿ ಮಾಡಿದ. ಅಂಗಿ ಹಿಂಡಿದರೆ ನೀರಿಳಿಯುವಷ್ಟು ಬೆವರಿತ್ತು, ಆದರೆ ಕೊಂಡೊಯ್ದಿದ್ದ ಬಾಟಲಿಯ ನೀರಿನಲ್ಲಿ ಮುಕ್ಕಾಲು ಪಾಲು ಹಾಗೆಯೇ ಉಳಿದಿತ್ತು. ಫ್ಯಾನಿನ ಕೆಳಗೆ ಮಲಗಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಉಪ್ಪು ಬೆರೆಸಿದ ಗಂಜಿ ತಿಳಿಯನ್ನು ಸ್ವಲ್ಪ ಸ್ವಲ್ಪವೇ ಕುಡಿಸಿದೆ. ಸಂಜೆ ಆರರ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಎದ್ದು ಓಡಾಡಿದ.

ಅಂದಿನಿಂದ ಅತ್ತೆಯವರ ಅಪ್ಪಣೆಯಂತೆ ಇಬ್ಬರೂ ಹಗಲು ಹೊಸ್ತಿಲು ದಾಟುವಂತಿಲ್ಲ. ಅದರ ಫಲವಾಗಿ ಮಗ ಹಗಲಿಡೀ ಚಾಪೆಯ ಮೇಲೆ ಮಲಗಿ, ಯಾರೋ ಆಡುವ ಕ್ರಿಕೆಟನ್ನು ಮೊಬೈಲಿನಲ್ಲಿ ನೋಡುತ್ತಾನೆ; ಮಗಳು ಅವನ ಹೆಗಲ ಮೇಲಿಂದ ಇಣುಕುತ್ತಾಳೆ. ರಾತ್ರಿ ಹನ್ನೊಂದಾದರೂ ಇಬ್ಬರಿಗೂ ನಿದ್ದೆ ಬರುವುದಿಲ್ಲ. ಬಿಸಿಲಿಗೆ ಬಿಟ್ಟರೆ ಕಾಯಿಲೆ, ಬಿಡದಿದ್ದರೆ ಮೊಬೈಲು ಎಂಬ ಈ ಇಕ್ಕಟ್ಟಿನಿಂದ ಹೊರಬರುವ ದಾರಿಯನ್ನು ತಿಳಿದವರು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ಸನ್‌ಸ್ಕ್ರೀನ್ ಹಚ್ಚಬೇಕೆಂದು ತಂಗಿ ಹೇಳುತ್ತಾಳೆ; ನಮ್ಮಂಥ ಕಂದುಬಣ್ಣದವರಿಗೂ ಅದು ಬೇಕೇ? ತೋಟದ ಕೆರೆಯಲ್ಲಿ ಈಜು ಕಲಿಸಬಹುದೇ ಎಂಬುದು ಇನ್ನೊಂದು ಪ್ರಶ್ನೆ.

ಮಂಜೇಶ್ವರದ ನರ್ಸ್:

ಅಕ್ಕ, ನಾನು ಮಂಗಳೂರಿನ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವಳು. ನೀವು ಮಾಡಿದ ಆರೈಕೆ ಸರಿಯಾಗಿಯೇ ಇದೆ. ಮಗನಿಗೆ ಆದದ್ದು ಶಾಖದ ಬಳಲಿಕೆಯ ಹಾಗೆ ಕಾಣಿಸುತ್ತದೆ. ಆದರೆ ಮೊದಲು ಒಂದು ಮಾತು ಕೇಳುತ್ತೇನೆ: ಆ ದಿನ ಅಥವಾ ಅದಕ್ಕೆ ಮುಂಚಿನ ಒಂದೆರಡು ವಾರಗಳಲ್ಲಿ ಅವನು ಕೆರೆಯಲ್ಲೋ ಹೊಂಡದಲ್ಲೋ ಮಿಂದಿದ್ದನೇ? ಬೇಸಿಗೆಯಲ್ಲಿ ತಲೆನೋವು ಮತ್ತು ವಾಂತಿ ಜೊತೆಯಾಗಿ ಬಂದರೆ ಈ ಪ್ರಶ್ನೆಯನ್ನು ಈಗ ಕೇಳಲೇಬೇಕಾಗಿದೆ. ಕಾರಣವನ್ನು ಈಜಿನ ವಿಷಯ ಬಲ್ಲವರು ಕೆಳಗೆ ಬರೆಯಬಹುದು.

ನಮ್ಮ ಕರಾವಳಿಯ ಸೆಕೆಯ ಬಗ್ಗೆ ಹಲವರಿಗೊಂದು ತಪ್ಪು ಕಲ್ಪನೆಯಿದೆ. ಉತ್ತರ ಕರ್ನಾಟಕದಲ್ಲಿ 40 ಡಿಗ್ರಿ ಇರುತ್ತದೆ, ನಮ್ಮಲ್ಲಿ 34 ಮಾತ್ರ, ಹಾಗಾಗಿ ಭಯವಿಲ್ಲ ಎಂದು ಹೇಳುವವರನ್ನು ದಿನವೂ ಕಾಣುತ್ತೇನೆ. ಬೆವರು ಸುರಿಯುವುದರಿಂದ ಮೈ ತಣ್ಣಗಾಗುವುದಿಲ್ಲ, ಅದು ಆರಿದಾಗ ಮಾತ್ರ ತಣ್ಣಗಾಗುತ್ತದೆ. ಸಮುದ್ರದ ಬದಿಯ ಗಾಳಿಯಲ್ಲಿ ಮೊದಲೇ ನೀರಿನ ಪಸೆ ತುಂಬಿರುವುದರಿಂದ ಬೆವರು ಆರದೆ ಬರಿದೇ ಹರಿದುಹೋಗುತ್ತದೆ. ಉಪ್ಪೂ ನೀರೂ ಖರ್ಚಾಗುತ್ತವೆ, ಶಾಖ ಒಳಗೇ ಉಳಿಯುತ್ತದೆ. ಹವಾಮಾನ ಇಲಾಖೆಯವರು ಬಯಲುಸೀಮೆಯಲ್ಲಿ ಬಿಸಿಗಾಳಿಯ ಘೋಷಣೆಗೆ 40 ಡಿಗ್ರಿಯನ್ನು ಗಡಿಯಾಗಿಟ್ಟು, ಕರಾವಳಿಗೆ ಮಾತ್ರ 37 ಎಂದು ಇಟ್ಟಿರುವುದು ಸುಮ್ಮನೆ ಅಲ್ಲ.

ಬಳಲಿಕೆಯೇ ಮುಂದುವರಿದು ಶಾಖಾಘಾತವಾದರೆ ಅದು ಪ್ರಾಣಕ್ಕೆ ಅಪಾಯ. ಮೈಯ ಶಾಖ 40 ಡಿಗ್ರಿ ದಾಟುತ್ತದೆ, ಮಗು ಅಸಂಬದ್ಧವಾಗಿ ಮಾತಾಡುತ್ತದೆ, ನಡೆಯುವಾಗ ತೂರಾಡುತ್ತದೆ, ಕರೆದರೆ ಉತ್ತರಿಸುವುದಿಲ್ಲ, ಕೆಲವೊಮ್ಮೆ ಫಿಟ್ಸ್ ಬರುತ್ತದೆ. ಬೆವರು ನಿಂತಿದ್ದರೆ ಮಾತ್ರ ಶಾಖಾಘಾತ ಎಂದು ತಿಳಿಯಬೇಡಿ. ಆಡುತ್ತಲೇ ಬಿದ್ದ ಮಕ್ಕಳ ಮೈ ಬೆವರಿನಿಂದ ಒದ್ದೆಯಾಗಿಯೇ ಇರಬಹುದು. ಆಗ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಸುಮ್ಮನೆ ಕೂರದೆ ನೆರಳಿಗೆ ತಂದು, ಅಂಗಿ ತೆಗೆದು, ಕೊಡಗಟ್ಟಲೆ ನೀರು ಸುರಿದು ಗಾಳಿ ಹಾಕುತ್ತಿರಬೇಕು; ಕುತ್ತಿಗೆ, ಕಂಕುಳು, ತೊಡೆಸಂದಿಗಳಲ್ಲಿ ಮಂಜುಗಡ್ಡೆ ಸುತ್ತಿದ ಬಟ್ಟೆ ಇಡಬೇಕು. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬಾರದು. ಇದು ಜ್ವರವಲ್ಲವಾದ್ದರಿಂದ ಪ್ಯಾರಾಸಿಟಮಾಲ್ ಕೊಟ್ಟು ಪ್ರಯೋಜನವಿಲ್ಲ.

ಒಆರ್‌ಎಸ್ ಬಗ್ಗೆಯೂ ಹೇಳಿಬಿಡುತ್ತೇನೆ. 20.5 ಗ್ರಾಮಿನ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಒಂದೇ ಸಲ ಹಾಕಿ ಕದಡಿ, 24 ಗಂಟೆಯೊಳಗೆ ಮುಗಿಸಬೇಕು. ಲೋಟಕ್ಕೆ ಒಂದು ಚಮಚ ಎಂದು ಅಂದಾಜಿನಲ್ಲಿ ಹಾಕುವುದು ಅಪಾಯಕರ, ಏಕೆಂದರೆ ಉಪ್ಪಿನ ಅಳತೆ ತಪ್ಪುತ್ತದೆ. ಅಂಗಡಿಯಲ್ಲಿ ಡಬ್ಬಿಗಳಲ್ಲಿ ಸಿಗುವ ಸಿಹಿ ಪಾನೀಯಗಳನ್ನು ಇದರ ಬದಲಿಗೆ ಕೊಡಬೇಡಿ. ಸಾಮಾನ್ಯವಾಗಿ ಒಂದು ಗಂಟೆ ಆಡಿ ಬಂದ ಮಗುವಿಗೆ ಒಆರ್‌ಎಸ್ ಬೇಕಾಗಿಯೇ ಇಲ್ಲ. ನೀರು, ಉಪ್ಪು ಹಾಕಿದ ಮಜ್ಜಿಗೆ, ಹೊತ್ತಿಗೆ ಸರಿಯಾಗಿ ಊಟ ಸಾಕು.

ಸನ್‌ಸ್ಕ್ರೀನ್ ವಿಷಯದಲ್ಲಿ ತಂಗಿಯ ಮಾತು ಅರ್ಧ ಸರಿ. ಕಂದುಬಣ್ಣದ ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣದ ವಸ್ತು ಹೆಚ್ಚಿರುವುದರಿಂದ ಬಿಸಿಲಿಗೆ ಸುಡುವುದು ಕಡಿಮೆ. ಹಾಗೆಂದು ಸುಡುವುದೇ ಇಲ್ಲವೆಂದಲ್ಲ, ಕಣ್ಣಿಗಂತೂ ಆ ರಕ್ಷಣೆ ಇಲ್ಲ. ನೆರಳು, ಉದ್ದ ತೋಳಿನ ಸಡಿಲ ಹತ್ತಿಬಟ್ಟೆ, ಅಂಚು ಅಗಲವಾದ ಟೊಪ್ಪಿ ಇವು ಮೊದಲು. ಇವುಗಳಿಂದ ಮುಚ್ಚದ ಮುಖ, ಕುತ್ತಿಗೆಯ ಹಿಂಭಾಗ, ಕಿವಿ, ಪಾದದ ಮೇಲ್ಭಾಗಗಳಿಗೆ ಎಸ್‌ಪಿಎಫ್ 30 ಅಥವಾ ಹೆಚ್ಚಿನದ್ದನ್ನು, ಯುವಿಎ ಮತ್ತು ಯುವಿಬಿ ಎಂಬ ಎರಡೂ ಬಗೆಯ ನೇರಳಾತೀತ ಕಿರಣಗಳನ್ನು ತಡೆಯುವಂಥದ್ದನ್ನು, ಹೊರಡುವ ಇಪ್ಪತ್ತು ನಿಮಿಷ ಮೊದಲು ಧಾರಾಳವಾಗಿ ಹಚ್ಚಬಹುದು. ಬೆವರಿದ ಮೇಲೆ, ಮಿಂದ ಮೇಲೆ, ಇಲ್ಲದಿದ್ದರೂ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚದಿದ್ದರೆ ಹಚ್ಚಿದ್ದು ವ್ಯರ್ಥ. ಆರು ತಿಂಗಳ ಒಳಗಿನ ಕೂಸುಗಳಿಗೆ ಸಾಮಾನ್ಯವಾಗಿ ಹಚ್ಚುವುದಿಲ್ಲ, ಅವು ನೆರಳಿನಲ್ಲೇ ಇರಬೇಕು. ತೆಂಗಿನೆಣ್ಣೆ ಇದಕ್ಕೆ ಬದಲಿಯಲ್ಲ. ಇನ್ನೊಂದು ಸಣ್ಣ ವಿಷಯ: ಶರಬತ್ತಿಗೆಂದು ನಿಂಬೆಹಣ್ಣು ಹಿಂಡಿದ ಕೈಯನ್ನು ತೊಳೆಯದೆ ಮಕ್ಕಳು ಬಿಸಿಲಿಗೆ ಹೋದರೆ, ಆ ರಸ ತಾಗಿದಲ್ಲಿ ಚರ್ಮ ಸುಟ್ಟು ವಾರಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಅದನ್ನು ಯಾರೋ ಬರೆ ಹಾಕಿದ್ದಾರೆಂದು ತಿಳಿದು ಗಾಬರಿಗೊಂಡ ಅಜ್ಜಿಯೊಬ್ಬರನ್ನು ನಾನು ಕಂಡಿದ್ದೇನೆ.

ಮುಳ್ಳೇರಿಯದ ಕೃಷಿಕ:

ಎಪ್ಪತ್ತೊಂದು ವರ್ಷದ ನನಗೆ ಇದನ್ನೆಲ್ಲ ಓದುವಾಗ ಸ್ವಲ್ಪ ನಗು ಬರುತ್ತದೆ, ಕ್ಷಮಿಸಬೇಕು. ನಾವು ಏಪ್ರಿಲ್ ಮೇ ತಿಂಗಳಿಡೀ ಗುಡ್ಡದಲ್ಲೇ ಇದ್ದವರು. ಯಾರೂ ನಮಗೆ ಕ್ರೀಮು ಹಚ್ಚಲಿಲ್ಲ. ಈಗಿನ ಮಕ್ಕಳನ್ನು ಹತ್ತಿಯಲ್ಲಿ ಸುತ್ತಿ ಬೆಳೆಸುತ್ತಿದ್ದೇವೆಂಬುದು ನನ್ನ ಅಭಿಪ್ರಾಯ.

ಆದರೂ ತಾಯಿ ಕೇಳಿದ್ದಕ್ಕೆ ನನಗೆ ತಿಳಿದದ್ದನ್ನು ಹೇಳುತ್ತೇನೆ. ಮೂಲಮನೆ ತೋಟದ ಬದಿಯಲ್ಲಿದೆ ಎಂದಮೇಲೆ ಮಕ್ಕಳನ್ನು ಪದವಿನಲ್ಲಿ ಇಟ್ಟುಕೊಂಡು ಒದ್ದಾಡುವುದೇಕೆ? ಬೆಳಗ್ಗೆ ಕಾಫಿ ಕುಡಿದವರೇ ಗೇರುಬೀಜ ಹೆಕ್ಕಲು ಹೋಗಲಿ, ಎಂಟಕ್ಕೆ ಹಿಂದಿರುಗಲಿ. ಬಗ್ಗುವುದು, ಏಳುವುದು, ಗುಡ್ಡ ಹತ್ತುವುದು ಎಲ್ಲ ಅದರಲ್ಲೇ ಆಗುತ್ತದೆ, ಕಿಲೋಗೆ ಇಷ್ಟೆಂದು ಲೆಕ್ಕ ಹಾಕುವುದರಿಂದ ಗಣಿತವೂ ಆಗುತ್ತದೆ. ಹಸಿ ಬೀಜವನ್ನು ಕಚ್ಚಲು, ಸುಡುವಾಗ ಹತ್ತಿರ ಬರಲು ಮಾತ್ರ ಬಿಡಬಾರದು, ಅದರ ಎಣ್ಣೆ ತಾಗಿದರೆ ತುಟಿಯ ಚರ್ಮವೇ ಸುಲಿದುಬರುತ್ತದೆ. ಬಿಸಿಲೇರಿದ ಮೇಲೆ ತೋಟದೊಳಗೆ ಬಿದ್ದ ಅಡಿಕೆ ಸೋಗೆಯ ಬುಡದ ಹಾಳೆ ಎಳೆದು ರಾಶಿ ಹಾಕುವುದು, ಬುಡಗಳಿಗೆ ನೀರು ಬಿಡುವಾಗ ಪೈಪು ಹಿಡಿಯುವುದು, ಹಾಳೆಯ ಮೇಲೆ ತಂಗಿಯನ್ನು ಕೂರಿಸಿ ಎಳೆಯುವುದು. ಮಧ್ಯಾಹ್ನ ಹಲಸಿನ ಹಪ್ಪಳ ಒತ್ತಲು ಕೂರಿಸಿದರೆ ಮೊಬೈಲಿನ ನೆನಪೇ ಬರುವುದಿಲ್ಲ. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇರಲಿ, ಅದಕ್ಕಿಂತ ತಣ್ಣಗಿನ ಟೊಪ್ಪಿಯನ್ನು ನಾನಂತೂ ಕಂಡಿಲ್ಲ. ಕುಡಿಯಲು ಬೊಂಡ (ಎಳನೀರು), ಪುನರ್ಪುಳಿ ಶರಬತ್ತು, ನೀರುಮಜ್ಜಿಗೆ, ಹೆಸರುಪಾನಕ. ಬಣ್ಣದ ಬಾಟಲಿಗಳಿಗೆ ಹಣ ಕೊಡುವುದು ನಮ್ಮೂರಿನಲ್ಲಿ ಅವಮಾನ.

ನಿವೃತ್ತ ಡ್ರಿಲ್ ಮಾಸ್ಟರ್, ಬದಿಯಡ್ಕ:

ಮುಳ್ಳೇರಿಯದ ಅಣ್ಣನವರ ತೋಟದ ಸಲಹೆಯನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. "ನಾವು ಬಿಸಿಲಿನಲ್ಲೇ ಇದ್ದೆವು" ಎಂಬುದನ್ನು ಮಾತ್ರ ಒಪ್ಪುವುದಿಲ್ಲ. ಅಣ್ಣಾ, ನೀವು ಬಿಸಿಲಿನಲ್ಲಿದ್ದಿರಿ ನಿಜ, ಆದರೆ ಫೆಬ್ರವರಿಯಿಂದಲೇ ದಿನವೂ ಇದ್ದಿರಿ. ನಮ್ಮ ಶಾಲೆಗೆ ನೀವು ಮೂರು ಮೈಲಿ ನಡೆದು ಬರುತ್ತಿದ್ದ ಕಾಲ ಅದು. ಈ ಹುಡುಗ ಮಾರ್ಚ್ ತಿಂಗಳಿಡೀ ಪರೀಕ್ಷೆಗೆಂದು ಒಳಗೆ ಕೂತವನು, ವ್ಯಾನಿನಲ್ಲಿ ಶಾಲೆಗೆ ಹೋಗಿ ಬಂದವನು, ಒಮ್ಮೆಗೇ ಮೂರು ಗಂಟೆ ಪಾರೆಯ ಮೇಲೆ ಓಡಿದ್ದಾನೆ. ಮೈ ಶಾಖಕ್ಕೆ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಒಗ್ಗಿದ ಮೈ ಬೇಗ ಬೆವರುತ್ತದೆ, ಹೆಚ್ಚು ಬೆವರುತ್ತದೆ, ಬೆವರಿನಲ್ಲಿ ಕಳೆದುಕೊಳ್ಳುವ ಉಪ್ಪು ಕಡಿಮೆಯಾಗುತ್ತದೆ. ಮೊದಲ ದಿನ ಇಪ್ಪತ್ತು ನಿಮಿಷ, ಆಮೇಲೆ ದಿನಕ್ಕೆ ಐದೋ ಹತ್ತೋ ನಿಮಿಷ ಹೆಚ್ಚಿಸುವ ಕ್ರಮವನ್ನು ನಾನು ಮೂವತ್ತೊಂದು ವರ್ಷ ಮೈದಾನದಲ್ಲಿ ಪಾಲಿಸಿದ್ದೇನೆ. ಪಾಲಿಸದೆ ಒಂದು ವರ್ಷ ಕ್ರೀಡಾಕೂಟದ ತಯಾರಿಯಲ್ಲಿ ನಾಲ್ಕು ಮಕ್ಕಳನ್ನು ಸಾಲಾಗಿ ಬೀಳಿಸಿದ ತಪ್ಪೂ ನನ್ನದೇ. ಅಂದು ಹನ್ನೊಂದೂವರೆಗೆ ಓಟ ಆರಂಭಿಸಿದ್ದೆ.

ತಾಯಿಗೆ ಹೇಳಬೇಕಾದ ಮುಖ್ಯ ಮಾತೆಂದರೆ, ಮಕ್ಕಳ ಆಟವನ್ನು ನಿಲ್ಲಿಸಬೇಡಿ, ಆಟದ ಹೊತ್ತನ್ನು ಬದಲಿಸಿ. ಹೊತ್ತನ್ನು ತಿಳಿಯಲು ಮೊಬೈಲು ಬೇಕಾಗಿಲ್ಲ, ನೆರಳು ಸಾಕು. ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ಊರಿ. ಅದರ ನೆರಳು ಕೋಲಿಗಿಂತ ಉದ್ದವಿರುವವರೆಗೆ ಬಯಲಿನಲ್ಲಿ ಆಡಬಹುದು. ಕೋಲಿಗಿಂತ ಗಿಡ್ಡವಾಯಿತೆಂದರೆ ಸೂರ್ಯ 45 ಡಿಗ್ರಿಗಿಂತ ಮೇಲೇರಿದ್ದಾನೆ, ನೇರಳಾತೀತ ಕಿರಣಗಳ ಹೊಡೆತ ಜೋರಾಗುತ್ತದೆ ಎಂದರ್ಥ. ನಮ್ಮ ಕಾಸರಗೋಡು ಉತ್ತರ ಅಕ್ಷಾಂಶ 12.5 ಡಿಗ್ರಿಯಲ್ಲಿದೆ. ಏಪ್ರಿಲ್ 23ರ ಆಸುಪಾಸಿನಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೇ ಹಾದುಹೋಗುತ್ತಾನೆ, ಆ ಮಧ್ಯಾಹ್ನ ಕೋಲಿಗೆ ನೆರಳೇ ಇರುವುದಿಲ್ಲ. ಅಂದರೆ ನಿಮ್ಮ ಮಗ ಆಡಲು ಆರಿಸಿಕೊಂಡದ್ದು ವರ್ಷದ ಅತಿ ಕಟುವಾದ ಬಿಸಿಲಿನ ವಾರಗಳಲ್ಲೊಂದನ್ನು. ಇನ್ನೊಂದು ಸೂಕ್ಷ್ಮವಿದೆ. ನಾವು ದೇಶದ ಪಶ್ಚಿಮದ ಅಂಚಿನಲ್ಲಿರುವುದರಿಂದ ಗಡಿಯಾರದ ಹನ್ನೆರಡಕ್ಕೆ ನಮಗೆ ನಡುಹಗಲಾಗುವುದಿಲ್ಲ, ಹನ್ನೆರಡೂವರೆಗೆ ಆಗುತ್ತದೆ. ಹೀಗೆ ಲೆಕ್ಕ ಹಾಕಿದರೆ ಈ ತಿಂಗಳಿನಲ್ಲಿ ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಮೂರೂವರೆಯವರೆಗೆ ನೆರಳು ಗಿಡ್ಡವಾಗಿರುತ್ತದೆ. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರದವರು ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ನೇರ ಬಿಸಿಲು ಬೇಡವೆನ್ನುತ್ತಾರೆ. ಅದು ದುಡಿಯುವ ದೊಡ್ಡವರನ್ನೂ ಗಮನದಲ್ಲಿಟ್ಟು ಹೇಳಿದ ಕನಿಷ್ಠ ಮಿತಿ. ಮಕ್ಕಳಿಗೆ ಕೋಲಿನ ಲೆಕ್ಕವೇ ಮೇಲು. ಮೋಡವಿದೆಯೆಂದು ಸಡಿಲಬಿಡಬಾರದು, ತೆಳುಮೋಡದಲ್ಲಿ ನೇರಳಾತೀತ ಕಿರಣಗಳ ಬಹುಪಾಲು ಇಳಿದೇ ಇಳಿಯುತ್ತದೆ. ಸಂಜೆಯ ಆಟವನ್ನು ಮೂರೂವರೆಗೇ ಶುರುಮಾಡುವ ಆತುರವೂ ಬೇಡ. ಕಿರಣ ಇಳಿದರೂ ಮುರಕಲ್ಲು ಹಗಲಿಡೀ ಕುಡಿದ ಶಾಖವನ್ನು ಉಗುಳುತ್ತಿರುತ್ತದೆ. ಬರಿಗಾಲನ್ನು ಪಾರೆಯ ಮೇಲಿಟ್ಟು ಹತ್ತು ಎಣಿಸಲು ಆಗುತ್ತದೆಯೇ ನೋಡಿ, ಆಗದಿದ್ದರೆ ಇನ್ನರ್ಧ ಗಂಟೆ ಕಾಯಿರಿ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಒಂದೇ ಸಲಕ್ಕೆ ಮುಗಿಸಬೇಕೆಂದಿಲ್ಲ. ಬೆಳಗ್ಗೆ ಆರೂವರೆಯಿಂದ ಎಂಟರವರೆಗೆ ಓಟ, ಸೈಕಲ್, ಲಗೋರಿ. ಸಂಜೆ ಐದರಿಂದ ಆರೂಕಾಲರವರೆಗೆ ಕ್ರಿಕೆಟ್ಟೋ ಕಬಡ್ಡಿಯೋ. ನಡುವಿನ ಹೊತ್ತಿಗೆ ನಾನು ಒಂದನ್ನೇ ಶಿಫಾರಸು ಮಾಡುತ್ತೇನೆ: ಯಕ್ಷಗಾನದ ಹೆಜ್ಜೆ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯಲ್ಲಿದ್ದುಕೊಂಡು ಮಕ್ಕಳಿಗೆ ಮನೆಯೊಳಗೆ ಏನು ಆಡಿಸುವುದೆಂದು ಕೇಳುವುದೇ ನನಗೆ ವಿಚಿತ್ರವಾಗಿ ಕಾಣುತ್ತದೆ. ಹಂಚಿನ ಮಾಡಿನ ಚಾವಡಿಯಲ್ಲಿ ತಿತ್ತಿತ್ತೈ ಹೆಜ್ಜೆಯನ್ನು ಹತ್ತು ನಿಮಿಷ ಹಾಕಿ, ನಾಲ್ಕು ಧಿಂಗಿಣ (ಸುತ್ತುತ್ತ ಜಿಗಿಯುವುದು) ತೆಗೆದು ನೋಡಿ. ನನ್ನ ಡ್ರಿಲ್ ತರಗತಿ ಅದರ ಮುಂದೆ ಏನೂ ಅಲ್ಲ. ಆದರೆ ತಾರಸಿಯ ಮನೆಯ ಮೇಲಿನ ಕೋಣೆಯಲ್ಲಿ ಇದನ್ನು ಮಾಡಿಸಬಾರದು, ಮಧ್ಯಾಹ್ನ ಅದು ಹೊರಗಿನ ನೆರಳಿಗಿಂತ ಬಿಸಿಯಾಗಿರುತ್ತದೆ.

ನೀರಿನ ವಿಷಯದಲ್ಲಿ ಮಕ್ಕಳ ಬಾಯಾರಿಕೆಯನ್ನು ನಂಬಬಾರದು, ಆಟದ ಬಿಸಿಯಲ್ಲಿ ಅದು ಅವರಿಗೆ ತಿಳಿಯುವುದೇ ಇಲ್ಲ. ನಿಮ್ಮ ಮಗನ ಬಾಟಲಿಯೇ ಸಾಕ್ಷಿ. ಈಗ ಶಾಲೆಗಳಲ್ಲಿ ನೀರಿನ ಗಂಟೆ ಹೊಡೆಯುತ್ತಾರಲ್ಲ, ಅದನ್ನೇ ಆಟಕ್ಕೂ ತನ್ನಿ. ಇಪ್ಪತ್ತು ನಿಮಿಷಕ್ಕೊಮ್ಮೆ ಆಟ ನಿಲ್ಲಿಸಿ ಎಲ್ಲರೂ ಅರ್ಧ ಲೋಟದಿಂದ ಒಂದು ಲೋಟದವರೆಗೆ ಕುಡಿಯಬೇಕು, ಕುಡಿಯದವನಿಗೆ ಬ್ಯಾಟಿಂಗ್ ಇಲ್ಲ. ಮೂತ್ರ ತಿಳಿಹಳದಿಯಾಗಿದ್ದರೆ ನೀರು ಸಾಕಾಗಿದೆ, ಕಡುಹಳದಿಯಾದರೆ ಸಾಲದು. ಈ ಪಾಠವನ್ನು ಹತ್ತು ವರ್ಷದ ಹುಡುಗನಿಗೆ ಒಮ್ಮೆ ಹೇಳಿದರೆ ಸಾಕು, ದಿನವೂ ವರದಿ ಒಪ್ಪಿಸುತ್ತಾನೆ.

ಸಂಜೆಯ ಆಟಕ್ಕೆ ನಮ್ಮಲ್ಲಿ ಒಂದು ಅಡ್ಡಿಯಿದೆ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆಯೇ ಬರುವುದು. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಸಿಡಿಲಿನ ಬಗ್ಗೆ ಎಚ್ಚರದಿಂದಿರಲು ಅದೇ ಪ್ರಾಧಿಕಾರದವರು ತಿಳಿಸುತ್ತಾರೆ. ಮರವಿಲ್ಲದ ಪದವಿನಲ್ಲಿ ಎತ್ತರದ ವಸ್ತುವೆಂದರೆ ಆಡುತ್ತಿರುವ ಮಕ್ಕಳೇ. ಮೂಡಣದ ಗುಡ್ಡಗಳ ಮೇಲೆ ಕಪ್ಪುಮೋಡ ಕಂಡು ಮೊದಲ ಗುಡುಗು ಕೇಳಿಸಿತೆಂದರೆ ಓವರ್ ಮುಗಿಯಲಿ ಎಂದು ಕಾಯದೆ ಒಳಗೆ ಬರಬೇಕು, ಒಂಟಿ ಗೇರುಮರದ ಕೆಳಗೆ ನಿಲ್ಲಬಾರದು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಹೊರಗೆ ಹೋಗಬಾರದು.

ಬೇಸಿಗೆ ಶಿಬಿರಕ್ಕೆ ಸೇರಿಸುವ ಯೋಚನೆಯಿದ್ದರೆ ಹೊರಾಂಗಣದ ಆಟ ಎಷ್ಟು ಗಂಟೆಗೆ ಎಂದು ಮೊದಲು ಕೇಳಿ. ಪೇಟೆಯ ಕೃತಕ ಹುಲ್ಲಿನ ಅಂಕಣ ಹಗಲು ಸಹಜ ಹುಲ್ಲಿಗಿಂತ ಎಷ್ಟೋ ಪಾಲು ಹೆಚ್ಚು ಕಾಯುತ್ತದೆ. ನನ್ನ ಮೊಮ್ಮಗನನ್ನು ಸೇರಿಸಿದ ಒಂದು ಶಿಬಿರದವರು ಹನ್ನೊಂದಕ್ಕೆ ಫುಟ್‌ಬಾಲ್ ಇಟ್ಟು, ಆರಕ್ಕೆ ಏಳುವ ಮಕ್ಕಳು ಈಗ ಎಲ್ಲಿದ್ದಾರೆ ಮಾಷ್ಟ್ರೇ ಎಂದು ನನ್ನನ್ನೇ ಕೇಳಿದರು. ಕಟ್ಟಿದ ಹಣ ಹೋಯಿತು, ಹುಡುಗ ಮನೆಯಲ್ಲಿದ್ದಾನೆ.

ಅಡೂರಿನ ಈಜುಗಾರ:

ಕೆರೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಪಯಸ್ವಿನಿಯ ದಡದಲ್ಲಿ ಬೆಳೆದವನಾದ್ದರಿಂದ ಈಜು ಬೇಡವೆಂದು ನನ್ನ ಬಾಯಿಂದ ಬರುವುದಿಲ್ಲ; ಬೇಸಿಗೆಯಲ್ಲಿ ಮೈ ತಣಿಸುತ್ತಲೇ ಇಡೀ ಮೈಗೆ ಕೆಲಸ ಕೊಡುವ ಇನ್ನೊಂದು ವ್ಯಾಯಾಮವಿಲ್ಲ. ಆದರೆ ನರ್ಸ್ ಅಕ್ಕ ಸೂಚಿಸಿದ ಸಂಗತಿಯನ್ನು ಬಿಡಿಸಿ ಹೇಳಬೇಕು. ನಿಂತ ಸಿಹಿನೀರು ಬೇಸಿಗೆಯಲ್ಲಿ ಬೆಚ್ಚಗಾದಾಗ ಅದರಲ್ಲಿ ನೇಗ್ಲೇರಿಯಾ ಎಂಬ ಅಮೀಬಾ ಹೆಚ್ಚುತ್ತದೆ. ಅದು ಕುಡಿದರೆ ಏನೂ ಮಾಡುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಮೂಗಿನೊಳಗೆ ಒತ್ತಡದಿಂದ ನೀರು ನುಗ್ಗಿದಾಗ ಮಾತ್ರ ಮಿದುಳಿಗೆ ಏರುತ್ತದೆ. ಕಾಯಿಲೆ ಅಪರೂಪದ್ದು, ಆದರೆ ಬಂದರೆ ಬದುಕುವವರು ಕಡಿಮೆ. 2024 ಮತ್ತು 2025ರಲ್ಲಿ ಕೇರಳದ ಹಲವು ಕಡೆ ಅಮೀಬಾದಿಂದ ಮಿದುಳುಜ್ವರ ಬಂದದ್ದನ್ನು ಎಲ್ಲರೂ ಓದಿದ್ದೇವೆ. ಹಾಗಾಗಿ ನೀರು ಇಳಿದು ಪಾಚಿಕಟ್ಟಿ ಬೆಚ್ಚಗಾದ ಕೆರೆಗೆ ಮಕ್ಕಳನ್ನು ಇಳಿಸಬೇಡಿ, ಮೇಲಿನಿಂದ ಹಾರುವುದು ಮತ್ತು ತಳದ ಕೆಸರು ಕದಡುವುದು ಬೇಡ, ತಲೆ ಮುಳುಗಿಸುವಾಗ ಮೂಗಿಗೆ ಕ್ಲಿಪ್ ಇರಲಿ. ಮಿಂದ ಎರಡು ವಾರಗಳೊಳಗೆ ಜ್ವರ, ವಿಪರೀತ ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಕಂಡರೆ ವೈದ್ಯರು ಕೇಳುವ ಮೊದಲೇ ಕೆರೆಯಲ್ಲಿ ಮಿಂದದ್ದನ್ನು ಹೇಳಬೇಕು.

ನಿಮ್ಮ ತೋಟದಲ್ಲಿ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದದ್ದು) ನೀರು ಬೀಳುವ ತೊಟ್ಟಿಯಿದ್ದರೆ ಆರು ವರ್ಷದವಳಿಗೆ ಅದೇ ಸಾಕು. ನೀರು ತಣ್ಣಗೆ ಹರಿದುಹೋಗುತ್ತಿರುತ್ತದೆ, ಸೊಂಟಕ್ಕಿಂತ ಆಳವಿರುವುದಿಲ್ಲ. ಆಗಲೂ ದೊಡ್ಡವರೊಬ್ಬರು ಕೈಗೆಟಕುವಷ್ಟು ಹತ್ತಿರ ನಿಂತಿರಬೇಕು. ದಡದಲ್ಲಿ ಕೂತು ಮೊಬೈಲು ನೋಡುವವರು ಇದ್ದರೂ ಇಲ್ಲದಿದ್ದರೂ ಒಂದೇ. ಮಗನಿಗೆ ನಮ್ಮ ಹಳೆಯ ಕ್ರಮದಂತೆ ಎರಡು ಒಣಗಿದ ತೆಂಗಿನಕಾಯಿಗಳನ್ನು ಜೋಡಿಸಿ ಕಟ್ಟಿ ಎದೆಯ ಕೆಳಗೆ ಕೊಡಬಹುದು. ಹೊಳೆಯಲ್ಲಿ ಮಾತ್ರ ಬೇಸಿಗೆಯ ತೆಳುನೀರನ್ನು ನಂಬಬಾರದು. ಮೊಣಕಾಲುದ್ದ ಹೋಗಿ ಮುಂದಿನ ಹೆಜ್ಜೆಯಲ್ಲೇ ಮರಳು ತೆಗೆದ ಗುಂಡಿ ಇರುತ್ತದೆ. ನೀರಿನೊಳಗಿದ್ದರೆ ಬಿಸಿಲು ತಾಗುವುದಿಲ್ಲವೆಂಬುದೂ ಭ್ರಮೆ. ಅರ್ಧ ಮೀಟರ್ ಆಳದಲ್ಲೂ ಮೇಲಿನ ನೇರಳಾತೀತ ಕಿರಣಗಳ ಸುಮಾರು 40 ಶೇಕಡಾ ಉಳಿದಿರುತ್ತದೆ. ತಂಪೆನಿಸುವುದರಿಂದ ಸುಟ್ಟದ್ದು ಗೊತ್ತಾಗುವುದು ರಾತ್ರಿಗೆ.

ಪೆರ್ಲದ ಅಮ್ಮ:

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ನರ್ಸ್ ತಂಗಿ ಕೇಳಿದ್ದಕ್ಕೆ ಮೊದಲು ಉತ್ತರ: ಮಗ ಕೆರೆಗೆ ಇಳಿದಿರಲಿಲ್ಲ, ಆಮೇಲೆ ಜ್ವರವೂ ಬರಲಿಲ್ಲ.

ಮೂರು ವಾರಗಳಿಂದ ಮಕ್ಕಳು ಮೂಲಮನೆಯಲ್ಲಿದ್ದಾರೆ. ಮಾವ ಅಂಗಳದಲ್ಲಿ ಸರಿಯಾಗಿ ಒಂದು ಗೇಣು ಮೇಲೆ ನಿಲ್ಲುವಂತೆ ಕೋಲು ಊರಿ, ಅಷ್ಟೇ ದೂರಕ್ಕೆ ಸುತ್ತಲೂ ಸುಣ್ಣದಿಂದ ಗೆರೆ ಎಳೆದುಕೊಟ್ಟರು. ನೆರಳಿನ ತುದಿ ಗೆರೆಯೊಳಗೆ ಬಂದರೆ ಆಟ ಮುಗಿಯಿತು. ನನ್ನ ಮಾತಿಗೆ ವಾದಿಸುವ ಮಗ ಕೋಲಿನ ಮಾತಿಗೆ ವಾದಿಸುವುದಿಲ್ಲ. ಮಗಳಂತೂ ಒಂಬತ್ತು ಗಂಟೆಯಿಂದಲೇ ಕೋಲಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಅಣ್ಣ ಔಟಾಗುವುದನ್ನು ಕಾಯುವವಳಂತೆ ನೆರಳನ್ನೇ ನೋಡುತ್ತಿರುತ್ತಾಳೆ. ಏಪ್ರಿಲ್ 23ರಂದು ಹನ್ನೆರಡೂವರೆಗೆ ಅತ್ತೆಯವರನ್ನೂ ಸೇರಿಸಿ ಎಲ್ಲರೂ ಜಗಲಿಯಲ್ಲಿ ನಿಂತು ನೋಡಿದೆವು, ಮಾಷ್ಟ್ರು ಹೇಳಿದಂತೆ ಕೋಲಿನ ಬುಡದಲ್ಲಿ ನೆರಳೇ ಇರಲಿಲ್ಲ. ಅತ್ತೆಯವರ ಅಪ್ಪಣೆ ಅಂದಿನಿಂದ ಸಡಿಲವಾಗಿದೆ. ಬೆಳಗ್ಗೆ ಆರೂವರೆಗೆ ಅವರೇ ಎಬ್ಬಿಸುತ್ತಾರೆ. ಮೊಬೈಲು ಪೂರ್ತಿ ನಿಂತಿದೆಯೆಂದು ಸುಳ್ಳು ಹೇಳಲಾರೆ, ಮಧ್ಯಾಹ್ನ ಊಟದ ಮೇಲೆ ಒಂದು ಗಂಟೆ ಈಗಲೂ ಇದೆ. ರಾತ್ರಿ ಮಾತ್ರ ಒಂಬತ್ತಕ್ಕೇ ಇಬ್ಬರಿಗೂ ನಿದ್ದೆ. ಎರಡು ಸಂಜೆ ಗುಡುಗಿನಿಂದಾಗಿ ಆಟ ಅರ್ಧಕ್ಕೇ ನಿಂತಿತು, ಆಗ ಚಾವಡಿಯಲ್ಲಿ ಹೆಜ್ಜೆ ಕುಣಿದು ಅತ್ತೆಯವರ ಹಪ್ಪಳದ ಡಬ್ಬಿಯೊಂದನ್ನು ಉರುಳಿಸಿದರು.

ಒಂದು ಸಮಸ್ಯೆ ಉಳಿದಿದೆ. ಮಾವನ ಮುಟ್ಟಾಳೆ ಮಗನಿಗೆ ಹೇಗೋ ನಿಲ್ಲುತ್ತದೆ, ಮಗಳಿಗೆ ಹಾಕಿದರೆ ಮೂಗಿನವರೆಗೆ ಇಳಿಯುತ್ತದೆ. ಸಣ್ಣ ಅಳತೆಯದ್ದು ಪೇಟೆಯಲ್ಲಿ ಎಲ್ಲೂ ಸಿಗಲಿಲ್ಲ.

ಮುಳ್ಳೇರಿಯದ ಕೃಷಿಕ:

ಪೇಟೆಯಲ್ಲಿ ಹುಡುಕುವ ವಸ್ತುವಲ್ಲ ಅದು. ಸೀಳಿಲ್ಲದ ಅಗಲವಾದ ಒಂದು ಹಾಳೆಯನ್ನು ಆರಿಸಿ, ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ ಮೆದುವಾಗಿಸಿ, ಬೆಳಗ್ಗೆ ಮಡಚಿ ಹೊಲಿಯಲು ನಿಮ್ಮ ಮಾವನವರಿಗೆ ಹೇಳಿ, ಅವರಿಗೆ ಬಾರದಿರಲು ಸಾಧ್ಯವಿಲ್ಲ. ಬಾರದೆಂದು ಅವರು ಹೇಳಿದರೆ ಮಗುವಿನ ತಲೆಯ ಸುತ್ತಳತೆಯನ್ನು ಒಂದು ದಾರದಲ್ಲಿ ಹಿಡಿದು, ಗಂಟು ಹಾಕಿ, ಈ ಕಡೆಗೆ ಬರುವವರ ಕೈಯಲ್ಲಿ ಕಳುಹಿಸಿಕೊಡಿ. ಒಂದು ಬೆರಳಿನಷ್ಟು ದೊಡ್ಡದಾಗಿಯೇ ಹೊಲಿಯುತ್ತೇನೆ, ಬರುವ ವರ್ಷಕ್ಕೂ ಆಗಲಿ.